ಎಡಬಲ

ಚಕ್ರ ತಿರುಗಿಸುವವನು ನಾನು.
ಗೆರೆ ಕುಮುದಬಾಯಿಯದು, ತೋಳು ನನ್ನದು.
ಖೇತವಾಡಿಯಲ್ಲಿ ಹಿಟ್ಟಿನ ಗಿರಣಿಯ ಮೇಲೆ
ಒಂದೇ ಕೋಣೆ. ಮುಕ್ಕಾಲು ಪಾಲು ಅಚ್ಚಿನ ಯಂತ್ರ,
ಉಳಿದ ಕಾಲಿನಲ್ಲಿ ನಾವಿಬ್ಬರು, ಆಮ್ಲದ ತಟ್ಟೆ,
ಕೆಳಗಿನಿಂದ ಏರಿ ಬರುವ
ಸಜ್ಜೆ ಹಿಟ್ಟಿನ ಬಿಸಿ ವಾಸನೆ.

ಗಲ್ಲಿಯ ತಿರುವಿನ ಮಾಣಿಕ್ ಬಿಲ್ಡಿಂಗು:
ನಾಲ್ಕು ಮಾಳಿಗೆ, ಮರದ ಮೊಗಸಾಲೆ,
ತೊಲೆಯ ತುದಿಗೆ ಗಿಳಿಮೂಗು,
ಹೊಟ್ಟೆಗೆ ಒತ್ತಿಟ್ಟ ಕಬ್ಬಿಣದ ಊರುಗೋಲು.
ಅದರೆದುರು ಮಡಿಸುವ ಸ್ಟೂಲು ಹಾಕಿಕೊಂಡು
ಎರಡು ಬೇಸಿಗೆ ಕೂತರು ಕುಮುದಬಾಯಿ ತಳ್ಪದೆ.
ಕಟಕಟೆಯ ಗಿಡ್ಡ ಕಂಬ ಎಣಿಸಿದರು,
ನೂರಾ ಹದಿನಾಲ್ಕು.
ಇನ್ನೊಂದು ಇರಬೇಕಾದ ಜಾಗದಲ್ಲಿ
ಯಾರೋ ಬಿಗಿದು ಕಟ್ಟಿದ ಸೈಕಲ್ ಟ್ಯೂಬು.
ಟ್ಯೂಬನ್ನೂ ಬರೆದರು, ಅದರ ಗಂಟನ್ನೂ.
ಇಲ್ಲದ ಕಂಬ ನಿಲ್ಲಿಸೋಕೆ
ನಾನೇನು ಬಡಗಿಯೇನೋ, ಅಂದರು.

ತಾಮ್ರದ ತಗಡಿಗೆ ಮೇಣ, ಮೇಣದ ಮೇಲೆ ಸೂಜಿ.
ತಗಡಿನಲ್ಲಿ ಎಲ್ಲವೂ ತಿರುವುಮುರುವು,
ಎಡದ ಮೆಟ್ಟಿಲು ಬಲಕ್ಕೆ, ಬಲದ ನಲ್ಲಿ ಎಡಕ್ಕೆ.
ಒದ್ದೆ ಕಾಗದ ಹಾಸಿ, ಕಂಬಳಿ ಹೊದಿಸಿ
ನಾನು ಚಕ್ರ ಎಳೆದರೆ
ಮತ್ತೆ ಎಲ್ಲರೂ ತಂತಮ್ಮ ಕಡೆಗೆ.

ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು
ರಾತ್ರಿ ಫೋರ್ಟಿನ ಕನ್ನಡ ಶಾಲೆಗೆ ಹೋದವನು.
ಅಲ್ಲಿ ಮೇಷ್ಟ್ರು ಹೇಳಿದ್ದರು:
ಅರಸರು ತಾಮ್ರದಲ್ಲಿ ಬರೆಸಿದರೆ ಆಚಂದ್ರಾರ್ಕ,
ಸೂರ್ಯಚಂದ್ರರು ಇರುವತನಕ.
ನಿದ್ದೆಗಣ್ಣಲ್ಲೂ ಆ ಮಾತು ಉಳಿಯಿತು.
ಮಾಣಿಕ್ ಬಿಲ್ಡಿಂಗಿಗೆ ಮುನಿಸಿಪಾಲ್ಟಿ
ಕಾಗದದಲ್ಲಿ ಬರೆದು ಕೊಟ್ಟದ್ದು ಮೂವತ್ತು ದಿನ.

ಬಾಗಿಲು ಮೊದಲು ಹೋದವು, ಟೆಂಪೋದಲ್ಲಿ.
ಗಿಳಿಮೂಗುಗಳನ್ನು ಯಾರೋ ತೂಕಕ್ಕೆ ಕೊಂಡರು.
ಕೊನೆಗೆ ಹಸಿರು ಪರದೆ, ಅದರಾಚೆ ಸುಮ್ಮನೆ ಆಕಾಶ.
ನಾವು ಹದಿನೈದು ಪ್ರತಿ ಒತ್ತಿ ಮುಗಿಸಿದ್ದೆವು.
ಅಷ್ಟಾದ ಮೇಲೆ ತಗಡಿಗೆ ಅಡ್ಡ ಗೀರು ಎಳೆಯಬೇಕು,
ಹದಿನಾರನೆಯದು ಹುಟ್ಟದಂತೆ.
ಕುಮುದಬಾಯಿ ಉಳಿ ಹಿಡಿದಿದ್ದರು.

ಆಗ ಬಂದ ಶಫೀಕ್ ಸಲ್ಮಾನಿ,
ಆ ಕಟ್ಟಡದ ಎದುರು ನಲವತ್ತು ವರ್ಷದ ಕ್ಷೌರದಂಗಡಿ,
ಹೆಗಲ ಟವಲಿನಲ್ಲಿ ಇನ್ನೂ ಯಾರದೋ ಕೂದಲು.
ಹಗ್ಗಕ್ಕೆ ನೇತುಹಾಕಿದ ಪ್ರತಿ ನೋಡಿದ.
ಹತ್ತಿರ ಹೋದ, ಹಿಂದೆ ಸರಿದ,
ತಲೆ ವಾಲಿಸಿದ, ಕ್ರಾಪು ಸರಿಯಾಯಿತೇ ಎನ್ನುವಂತೆ.
ಚೆನ್ನಾಗಿದೆ ಬಾಯಿ. ಆದರೆ ಇದಲ್ಲ, ಅಂದ.

ನನಗೆ ಸಿಟ್ಟು. ಕುಮುದಬಾಯಿ ಮಾತಾಡಲಿಲ್ಲ.
ಅವನ ಕಣ್ಣು ಮೇಜಿನ ಮೇಲಿನ ತಾಮ್ರಕ್ಕೆ ಬಿತ್ತು.
ಇದು! ಇದೇ! ಮೆಟ್ಟಿಲು ಇಲ್ಲೇ ಇತ್ತು,
ಈ ಕಡೆಯಿಂದ ಇಳಿಯುತ್ತಿದ್ದರು ಎಲ್ಲ,
ಭಾವೆ ಮಾಸ್ತರು, ಪಾರಸಿ ಮುದುಕಿ, ಹಾಲಿನ ಹುಡುಗ...

ಸ್ವಲ್ಪ ಹೊತ್ತು ಗಿರಣಿಯ ಸದ್ದು ಮಾತ್ರ.
ಆಮೇಲೆ ನಮಗೂ ಹೊಳೆಯಿತು.
ಬಾಗಿಲಿಗೆ ಬೆನ್ನು, ಕನ್ನಡಿಗೆ ಮುಖ,
ಕೈಯಲ್ಲಿ ಇನ್ನೊಬ್ಬರ ತಲೆ.
ನಲವತ್ತು ವರ್ಷ ಅವನು ನೋಡಿದ ಕಟ್ಟಡ
ಕನ್ನಡಿಯೊಳಗಿನದು.

ಉಳಿ ಕೆಳಗಿಟ್ಟರು. ಆ ದಿನ ಗೀರು ಬೀಳಲಿಲ್ಲ.
(ಮರುದಿನ ಬಿತ್ತು. ನೇಮ ನೇಮವೇ.)
ಒಂಬತ್ತನೇ ಪ್ರತಿಯನ್ನು ಸುರುಳಿ ಸುತ್ತಿ ಅವನಿಗೆ ಕೊಟ್ಟರು,
ಎಲ್ಲಿ ಹಾಕಬೇಕೆಂದು ಕಿವಿಯಲ್ಲಿ ಹೇಳಿದರು.

ನಿನ್ನೆ ಕೂದಲು ಕತ್ತರಿಸಿಕೊಳ್ಳಲು ಹೋಗಿದ್ದೆ.
ಹಿಂಗೋಡೆಯಲ್ಲಿ, ಬಾಗಿಲ ಪಕ್ಕ, ಚೌಕಟ್ಟಿನೊಳಗೆ ಅದು.
ಎದುರಿನ ಕನ್ನಡಿಯಲ್ಲಿ ನನ್ನ ಕಿವಿಯ ಹಿಂದೆ
ನಾಲ್ಕು ಮಾಳಿಗೆ ಎದ್ದು ನಿಂತಿದೆ,
ಮೆಟ್ಟಿಲು ಅವನ ಕಡೆಗೆ.
ಬಿಳಿ ಬಟ್ಟೆಯ ಮೇಲೆ ನನ್ನ ಕೂದಲು
ಗೆರೆ ಗೆರೆಯಾಗಿ ಬೀಳುತ್ತಿದೆ.
ಕತ್ತು ಚಾಚಿ ಹುಡುಕುತ್ತಿದ್ದೇನೆ,
ಟ್ಯೂಬಿನ ಗಂಟು ಎಲ್ಲಿ, ಈಗ ಯಾವ ಬದಿ?

ಅಲ್ಲಾಡಬೇಡಿ, ಅನ್ನುತ್ತಾನೆ ಶಫೀಕ್.